ಹ್ಯಾಮ್‌ಸ್ಟರ್‌ನ ಬೆನ್ನಿನ ರೋಮ ಉದುರಿದರೆ

ಹ್ಯಾಮ್‌ಸ್ಟರ್ ಎಂದರೆ ಮನೆಯಲ್ಲಿ ಸಾಕುವ, ಇಲಿಯಂಥ ಪುಟ್ಟ ಪ್ರಾಣಿ. ಒಂದೂವರೆ ವರ್ಷ ದಾಟಿದ ಹ್ಯಾಮ್‌ಸ್ಟರ್‌ನ ಬೆನ್ನಿನ ಹಿಂಭಾಗದಲ್ಲಿ, ಬಾಲದ ಹತ್ತಿರ, ರೋಮ ತೆಳ್ಳಗಾಗತೊಡಗುತ್ತದೆ. ಬೆರಳಾಡಿಸಿದರೆ ಒಣ ಹೊಟ್ಟು ಉದುರುತ್ತದೆ. ಆದರೂ ಅದು ಅಷ್ಟಾಗಿ ಕೆರೆದುಕೊಳ್ಳುವುದಿಲ್ಲ. ಹಾಗಾಗಿಯೇ ಮನೆಯವರು "ವಯಸ್ಸಾಯ್ತು" ಎಂದು ಸುಮ್ಮನಾಗಿಬಿಡುತ್ತಾರೆ.

ಬಹಳ ಸಲ ಇದು ಡೆಮೊಡೆಕ್ಸ್ ಎಂಬ ನುಸಿಯ ಕೆಲಸ. ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಇದರ ಎರಡು ಜಾತಿಗಳಿವೆ. ಉದ್ದನೆಯ ಡೆಮೊಡೆಕ್ಸ್ ಔರಾಟಿ ರೋಮದ ಬುಡದಲ್ಲಿ ವಾಸಿಸುತ್ತದೆ. ಮೋಟು ದೇಹದ ಡೆಮೊಡೆಕ್ಸ್ ಕ್ರಿಸೆಟಿ ಚರ್ಮದ ಮೇಲ್ಪದರದ ಕುಳಿಗಳಲ್ಲಿ. ದೊಡ್ಡದರ ಉದ್ದವೂ ಸುಮಾರು 0.2 ಮಿ.ಮೀ. ಅಷ್ಟೇ. ಆರೋಗ್ಯವಂತ ಹ್ಯಾಮ್‌ಸ್ಟರ್‌ಗಳ ಮೈಯಲ್ಲೂ ಇವು ಸಾಮಾನ್ಯವಾಗಿ ಇರುತ್ತವೆ, ನಮ್ಮ ಮುಖದಲ್ಲಿ ಇವುಗಳ ದಾಯಾದಿಗಳು ಇರುವಂತೆ. ಮುಪ್ಪು, ಅಪೌಷ್ಟಿಕತೆ, ಗಡ್ಡೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆ ಮುಂತಾದವುಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಸಂಖ್ಯೆ ಮಿತಿಮೀರುತ್ತದೆ. ಆದ್ದರಿಂದ ನುಸಿ ಸಿಕ್ಕಿತೆಂದು ತಪಾಸಣೆ ಅಲ್ಲಿಗೇ ನಿಲ್ಲಿಸಬಾರದು. ಅದು ಈಗೇಕೆ ಹೆಚ್ಚಿತು ಎಂಬುದೇ ಮುಖ್ಯ ಪ್ರಶ್ನೆ.

ಕಿವಿ, ಮೂಗು, ಪಾದಗಳ ಮೇಲೆ ಹಕ್ಕಳೆ ಕಟ್ಟಿ ವಿಪರೀತ ತುರಿಕೆಯಿದ್ದರೆ ಅದು ಬೇರೆ ಜಾತಿಯ ಕಜ್ಜಿ ನುಸಿ. ಹ್ಯಾಮ್‌ಸ್ಟರ್ ಜೊತೆ ಮನೆಯವರಿಗೂ ಕಡಿತದ ಗುಳ್ಳೆಗಳೆದ್ದರೆ ಇಲಿಗಳಿಂದ ಬರುವ ರಕ್ತಹೀರುವ ನುಸಿಯನ್ನು ಶಂಕಿಸಬೇಕು. ಅದು ಹಗಲಲ್ಲಿ ಪಂಜರದ ಸಂದುಗಳಲ್ಲಿ ಅಡಗಿರುತ್ತದೆ. ಇನ್ನು ಸಿರಿಯನ್ ಹ್ಯಾಮ್‌ಸ್ಟರ್‌ನ ಎರಡೂ ಪಕ್ಕೆಗಳಲ್ಲಿ ಒಂದೊಂದು ಕಪ್ಪು ಮಚ್ಚೆ ಕಂಡರೆ ಗಾಬರಿ ಬೇಡ. ಅವು ವಾಸನೆಯ ಗ್ರಂಥಿಗಳು, ಗಂಡುಗಳಲ್ಲಿ ಎದ್ದು ಕಾಣುತ್ತವೆ.

ಕಣ್ಣಂದಾಜಿನಲ್ಲಿ ಇದು ಇಂಥದೇ ಎನ್ನಲಾಗದು. ಪಶುವೈದ್ಯರು ಬ್ಲೇಡಿಗೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿ, ಚರ್ಮವನ್ನು ಮೆಲ್ಲಗೆ ಹಿಂಡಿ, ರಕ್ತ ಜಿನುಗುವ ಹಂತದವರೆಗೆ ಕೆರೆಯುತ್ತಾರೆ. ರೋಮದ ಬುಡದಲ್ಲಿರುವುದು ಹೊರಬರಬೇಕಾದರೆ ಅಷ್ಟು ಆಳ ಬೇಕು. ಆ ಜಿಡ್ಡನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೋಟು ಕಾಲುಗಳಾಡಿಸುವ ನುಸಿಗಳು ಕಾಣುತ್ತವೆ.

ಚಿಕಿತ್ಸೆಗೆ ಸಾಮಾನ್ಯವಾಗಿ ಐವರ್ಮೆಕ್ಟಿನ್ ಅಥವಾ ಅದೇ ಗುಂಪಿನ ಔಷಧ ಬಳಸುತ್ತಾರೆ. ನನಗೆ ನಿಜಕ್ಕೂ ಭಯವಾಗುವುದು ಇಲ್ಲಿ. ಹಸು, ಕುರಿಗಳಿಗೆ ಕೊಡುವ ಶೇ. 1ರ ಇಂಜೆಕ್ಷನ್ ಔಷಧದ ಒಂದು ಮಿ.ಲೀ.ನಲ್ಲಿ 10 ಮಿ.ಗ್ರಾಂ ಐವರ್ಮೆಕ್ಟಿನ್ ಇರುತ್ತದೆ. ಕಿಲೋ ತೂಕಕ್ಕೆ 0.2 ಮಿ.ಗ್ರಾಂ ಎಂದು ಲೆಕ್ಕ ಹಾಕಿದರೆ 120 ಗ್ರಾಂ ಹ್ಯಾಮ್‌ಸ್ಟರ್‌ಗೆ ಬೇಕಾದದ್ದು 0.024 ಮಿ.ಗ್ರಾಂ. ಆ ಔಷಧದ ಒಂದೇ ಹನಿಯಲ್ಲಿ ಸುಮಾರು 0.5 ಮಿ.ಗ್ರಾಂ, ಅಂದರೆ ಇಪ್ಪತ್ತು ಪಟ್ಟು! ವೈದ್ಯರು ಅದಕ್ಕಾಗಿಯೇ ಹ್ಯಾಮ್‌ಸ್ಟರನ್ನು ಮೊದಲು ತೂಗಿ, ಔಷಧವನ್ನು ತಿಳಿಮಾಡಿ ಕೊಡುತ್ತಾರೆ. ಅಂಗಡಿಯಿಂದ ತಂದು ಮನೆಯಲ್ಲೇ ಹನಿಸುವ ಸಾಹಸ ದಯವಿಟ್ಟು ಬೇಡ. ನಾಯಿಗಳ ಉಣ್ಣಿ ಕೊಲ್ಲುವ ಔಷಧವೂ ಬೇಡ. ಗಾಯ ಕೀವಾಗಿದ್ದರೂ ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕೊಡಬೇಡಿ: ಆ ಬಗೆಯ ಆ್ಯಂಟಿಬಯಾಟಿಕ್ ಹ್ಯಾಮ್‌ಸ್ಟರ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಪ್ರಾಣವನ್ನೇ ತೆಗೆಯಬಹುದು.

ಪಂಜರದ ಹಾಸು ಬದಲಿಸಿ, ಪಂಜರವನ್ನು ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಹ್ಯಾಮ್‌ಸ್ಟರ್‌ಗೆ ಮಾತ್ರ ನೀರಿನ ಸ್ನಾನ ಮಾಡಿಸಬೇಡಿ, ಮೈ ತಣ್ಣಗಾಗಿ ಅದು ಇನ್ನಷ್ಟು ಸೊರಗುತ್ತದೆ. ಔಷಧ ಹಲವು ವಾರ ನಡೆಯುತ್ತದೆ. ರೋಮ ಚಿಗುರಿದ ಮೇಲೂ ಮತ್ತೊಮ್ಮೆ ಚರ್ಮ ಕೆರೆದು ಪರೀಕ್ಷಿಸಿಯೇ ನಿಲ್ಲಿಸಬೇಕು. ನುಸಿ ಕಡಿಮೆಯಾಗಿಯೂ ರೋಮ ಬಾರದಿದ್ದರೆ, ಅಡ್ರಿನಲ್ ತೊಂದರೆಯೋ ಗಡ್ಡೆಯೋ ಇದೆಯೇ ನೋಡಿ ಎಂದು ವೈದ್ಯರನ್ನು ನೀವೇ ಕೇಳಿ.