ಕ್ರ್ಯಾಕ್‌ಡೌನ್: ಬಿಸಿ ಮುಟ್ಟಿಸುವುದೋ, ಹತ್ತಿಕ್ಕುವುದೋ?

ಇಂಗ್ಲಿಷ್ ಸುದ್ದಿಗಳಲ್ಲಿ ಬರುವ ‘ಕ್ರ್ಯಾಕ್‌ಡೌನ್’ ಪದವನ್ನು ಕನ್ನಡದಲ್ಲಿ ಏನೆಂದು ಬರೆಯಬೇಕು? ಹೊಸ ನಿಯಮ ತಂದರೆ ಅದು ಕ್ರ್ಯಾಕ್‌ಡೌನ್ ಅಲ್ಲ. ಇರುವ ನಿಯಮವನ್ನೇ ಇದ್ದಕ್ಕಿದ್ದಂತೆ, ಹಲವು ಕಡೆ ಒಟ್ಟಿಗೆ, ಮುಲಾಜಿಲ್ಲದೆ ಜಾರಿ ಮಾಡಲು ಹೊರಟರೆ ಕ್ರ್ಯಾಕ್‌ಡೌನ್. ಬೈಕಿನ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂದು ಕರ್ನಾಟಕ ಸರ್ಕಾರ ಜಾರಿಗೆ ತಂದದ್ದು 2016ರ ಜನವರಿಯಲ್ಲಿ. ಆ ಆದೇಶಕ್ಕೆ ಈ ಪದ ಒಪ್ಪುವುದಿಲ್ಲ. ಎಲ್ಲರೂ ಅದನ್ನು ಮರೆತ ಮೇಲೆ ಪೊಲೀಸರು ವಾರವಿಡೀ ಸಿಗ್ನಲ್‌ಗಳಲ್ಲಿ ನಿಂತು, ಹಿಂದೆ ಕೂತವರ ಬರಿತಲೆ ನೋಡಿ ದಂಡ ಹಾಕತೊಡಗಿದರೆ ಆಗ ಒಪ್ಪುತ್ತದೆ. ‘ಇಷ್ಟು ದಿನ ನೋಡಿಯೂ ನೋಡದಂತಿದ್ದರು’ ಎಂಬ ಧ್ವನಿ ಈ ಪದದೊಳಗೇ ಇದೆ.

ದಾಳಿಯೂ ಇದೂ ಒಂದೇ ಅಲ್ಲ. ದಾಳಿ ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಮುಗಿಯುತ್ತದೆ. ಹತ್ತಾರು ದಾಳಿ, ಜಪ್ತಿ, ದಂಡ ಸೇರಿ ಕ್ರ್ಯಾಕ್‌ಡೌನ್ ಆಗುತ್ತದೆ.

ಕನ್ನಡಕ್ಕೆ ತರುವಾಗ ಎಡವುವುದು ಎರಡು ಕಡೆ. ಇಂಗ್ಲಿಷಿನಲ್ಲಿ ಇದರ ಜೊತೆ ‘ಆನ್’ ಬರುತ್ತದೆಂದು ‘ಮರಳು ದಂಧೆಯ ಮೇಲೆ ಕಾರ್ಯಾಚರಣೆ’ ಎಂದು ಬರೆದುಬಿಡುತ್ತಾರೆ. ಕನ್ನಡದಲ್ಲಿ ದಾಳಿ ‘ಮೇಲೆ’, ಕಾರ್ಯಾಚರಣೆ ‘ವಿರುದ್ಧ’. ಇನ್ನೊಂದು, ‘ದಂಧೆಗೆ ಕಡಿವಾಣ’ ಎಂಬ ಶೀರ್ಷಿಕೆ. ಕಡಿವಾಣ ಬಿತ್ತೆಂದರೆ ದಂಧೆ ಹಿಡಿತಕ್ಕೆ ಬಂತು ಎಂದಾಯಿತು. ಮೂಲ ಪದ ಹೇಳುವುದು ಪ್ರಯತ್ನವನ್ನಷ್ಟೇ. ಅದು ಫಲಿಸಿತೋ ಇಲ್ಲವೋ ಬೇರೆ ಮಾತು. ‘ಮರಳು ದಂಧೆ ವಿರುದ್ಧ ಬಿಗಿ ಕ್ರಮ’ ಎಂದರೆ ಸಾಕು. ಪ್ಲಾಸ್ಟಿಕ್ ಚೀಲ ಮಾರುವ ಅಂಗಡಿಗಳ ಮಟ್ಟದ ಸುದ್ದಿಯಾದರೆ ‘ಬಿಸಿ ಮುಟ್ಟಿಸಿದ ಪಾಲಿಕೆ’ ಇನ್ನೂ ಚೆನ್ನ.

ಆದರೆ ಎಲ್ಲ ಕಡೆ ಬಿಸಿ ಮುಟ್ಟಿಸಲಾಗದು. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ನಡೆಸಿದ್ದಕ್ಕೂ, 1989ರ ಜೂನ್‌ನಲ್ಲಿ ಬೀಜಿಂಗ್‌ನ ತಿಯನನ್ಮೆನ್ ಚೌಕದ ಚಳವಳಿಗಾರರ ವಿರುದ್ಧ ಚೀನಾ ಸರ್ಕಾರ ನಡೆಸಿದ್ದಕ್ಕೂ ಇಂಗ್ಲಿಷ್ ಪತ್ರಿಕೆಗಳು ಇದೇ ಪದ ಬಳಸುತ್ತವೆ. ಅಲ್ಲಿ ‘ಕಟ್ಟುನಿಟ್ಟಿನ ಕ್ರಮ’ ಎಂದು ಬರೆದರೆ ಗುಂಡು ಹಾರಿಸಿದವರ ಪರ ವಕಾಲತ್ತು ವಹಿಸಿದಂತೆ. ದಮನ, ಹತ್ತಿಕ್ಕುವಿಕೆ ಎಂದೇ ಬರೆಯಬೇಕು. ಎದುರಿಗಿದ್ದವರು ಕಾನೂನು ಮುರಿದವರೋ ಹಕ್ಕು ಕೇಳಿದವರೋ ಎಂದು ನೋಡಿಕೊಂಡರೆ ಯಾವ ಪದ ಎಂಬುದು ತಾನೇ ತಿಳಿಯುತ್ತದೆ.

ಇಂಗ್ಲಿಷಿನಲ್ಲೇ ಬರೆಯುವವರಿಗೆ: ನಾಮಪದವಾದಾಗ ಒಂದೇ ಪದ, ಕ್ರಿಯಾಪದವಾದಾಗ ‘ಕ್ರ್ಯಾಕ್’, ‘ಡೌನ್’ ಬಿಡಿಬಿಡಿ.