ಡೇಟಾ ಕಾರ್ಡ್: ಬಾಯಿ, ಕಿವಿ ಇಲ್ಲದ ಫೋನು

ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕಳೆದ ತಿಂಗಳು ಕಾಲೇಜು ಹುಡುಗನೊಬ್ಬ ‘ಡೇಟಾ ಕಾರ್ಡ್ ಇದೆಯೇ ಅಣ್ಣ?’ ಎಂದು ಕೇಳಿದ. ಅಂಗಡಿಯವರು ಒಂದು ಮೆಮೊರಿ ಕಾರ್ಡ್ ತೆಗೆದು ಗಾಜಿನ ಮೇಲೆ ಇಟ್ಟರು. ‘ಇದಲ್ಲ ಅಣ್ಣ’ ಎಂದ. ‘ಹಾಗಾದರೆ ಡೇಟಾ ಪ್ಯಾಕ್ ಹಾಕಬೇಕೇನು? ನಂಬರ್ ಹೇಳು ತಮ್ಮ’ ಎಂದರು. ಅವನಿಗೆ ಬೇಕಾಗಿದ್ದುದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಇಂಟರ್‌ನೆಟ್ ಪಡೆಯುವ ಸಾಧನ. ಹದಿನೈದು ವರ್ಷಗಳ ಹಿಂದೆ ಯಾವ ಮೊಬೈಲ್ ಅಂಗಡಿಯಲ್ಲೂ ಈ ಪದವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕಿ ಗಿರಣಿಗಳ ಲೆಕ್ಕ ಬರೆಯುತ್ತ ಗಂಗಾವತಿ, ಕಾರಟಗಿ, ಸಿಂಧನೂರುಗಳ ನಡುವೆ ಓಡಾಡುವ ನನ್ನ ಕೆಲಸದ ದಿನಚರಿಯನ್ನೇ ಈ ಸಾಧನ ಬದಲಿಸಿತ್ತು. ಆದ್ದರಿಂದ ಅದರ ಅರ್ಥವನ್ನು ಸರಿಯಾಗಿ ಬರೆದಿಡಬೇಕು ಅನ್ನಿಸಿತು.

ಡೇಟಾ ಕಾರ್ಡ್ ಎಂದರೆ ಬಾಯಿ, ಕಿವಿ ಇಲ್ಲದ ಮೊಬೈಲ್ ಫೋನು. ಫೋನಿನಲ್ಲಿರುವ ಸಿಮ್, ಆಂಟೆನಾ, ಟವರಿನೊಡನೆ ವ್ಯವಹರಿಸುವ ರೇಡಿಯೊ ಚಿಪ್, ಸಾಧನದ ಗುರುತು ಹೇಳುವ 15 ಅಂಕಿಗಳ ಐಎಂಇಐ ಸಂಖ್ಯೆ ಎಲ್ಲವೂ ಇದರಲ್ಲಿ ಇವೆ. ಮೈಕ್, ಸ್ಪೀಕರ್, ಪರದೆ, ಬ್ಯಾಟರಿ ಮಾತ್ರ ಇಲ್ಲ. ವಿದ್ಯುತ್ತನ್ನು ಅದು ಲ್ಯಾಪ್‌ಟಾಪಿನಿಂದಲೇ ಪಡೆಯುತ್ತದೆ. ಟವರಿನ ಕಣ್ಣಿಗೆ ಅದೂ ಒಂದು ಫೋನೇ. ಇದು ಬರಿಯ ಹೋಲಿಕೆಯಲ್ಲ: ‘ಕನೆಕ್ಟ್’ ಗುಂಡಿ ಒತ್ತಿದಾಗ ಹಳೆಯ ಡೇಟಾ ಕಾರ್ಡುಗಳು ನಿಜವಾಗಿಯೂ ಒಂದು ಸಂಖ್ಯೆಗೆ ಡಯಲ್ ಮಾಡುತ್ತಿದ್ದವು. ಆಗ ಮೊಬೈಲ್ ಜಾಲಗಳಲ್ಲಿ ಜಿಎಸ್‌ಎಂ, ಸಿಡಿಎಂಎ ಎಂಬ ಎರಡು ಬಗೆ ಇದ್ದವು. ಜಿಎಸ್‌ಎಂ ಸಾಧನಗಳಲ್ಲಿ ಆ ಸಂಖ್ಯೆ *99#, ಸಿಡಿಎಂಎ ಸಾಧನಗಳಲ್ಲಿ #777. ಸೆಟ್ಟಿಂಗ್ಸ್ ತೆರೆದು ನೋಡಿದ ಹಲವರು ಈ ಸಂಖ್ಯೆ ಯಾರದ್ದೆಂದು ನನ್ನನ್ನು ಕೇಳಿದ್ದಾರೆ. ಅದು ಯಾರದ್ದೂ ಅಲ್ಲ, ಜಾಲದ ಬಾಗಿಲು ತೆರೆಯುವ ಸಂಕೇತ ಅಷ್ಟೇ.

ಪೆನ್‌ಡ್ರೈವಿನಂತೆ ಕಾಣುವ ವಸ್ತುವಿಗೆ ‘ಕಾರ್ಡ್’ ಎಂಬ ಹೆಸರು ಏಕೆ ಬಂತು? 1990ರ ದಶಕದ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಪಿಸಿ ಕಾರ್ಡ್ ಎಂಬ ಸೀಳುಗಿಂಡಿ ಇರುತ್ತಿತ್ತು. ಎಟಿಎಂ ಕಾರ್ಡಿನಷ್ಟೇ ಅಗಲದ, ಆದರೆ ಸಾಮಾನ್ಯವಾಗಿ 5 ಮಿಲಿಮೀಟರ್ ದಪ್ಪದ ಕಾರ್ಡನ್ನು ಅದರೊಳಗೆ ತಳ್ಳಬೇಕಾಗಿತ್ತು. ಮೊಬೈಲ್ ಜಾಲಕ್ಕೆ ಜೋಡಿಸುವ ಮೊದಮೊದಲ ಸಾಧನಗಳು ಆ ಆಕಾರದಲ್ಲೇ ಬಂದವು, ತುದಿಯಲ್ಲಿ ಒಂದು ಗಿಡ್ಡ ಆಂಟೆನಾ ಇಣುಕುತ್ತಿತ್ತು. ಆಮೇಲೆ ಯುಎಸ್‌ಬಿ ಬಂತು, ಆಕಾರ ಬದಲಾಯಿತು, ಹೆಸರು ಹಾಗೆಯೇ ಉಳಿಯಿತು. ‘ಡಾಂಗಲ್’ ಎಂಬ ಇನ್ನೊಂದು ಹೆಸರಿಗೂ ಇಂಟರ್‌ನೆಟ್ಟಿಗೂ ಮೊದಲು ಸಂಬಂಧವೇ ಇರಲಿಲ್ಲ. ದುಬಾರಿ ತಂತ್ರಾಂಶಗಳನ್ನು ನಕಲು ಮಾಡಿ ಬಳಸದಂತೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುತ್ತಿದ್ದ ಬೀಗದಂಥ ತುಂಡಿಗೆ ಆ ಹೆಸರಿತ್ತು. ನಮ್ಮ ಕಡೆ ಬಹಳ ಜನ ಇದನ್ನು ‘ನೆಟ್ ಸೆಟ್ಟರ್’ ಎಂದೂ ಕರೆದರು. ಅದು ಐಡಿಯಾ ಕಂಪನಿಯ ಸಾಧನದ ಹೆಸರು, ಬಳಕೆಯಲ್ಲಿ ಎಲ್ಲ ಕಂಪನಿಗಳ ಸಾಧನಕ್ಕೂ ಅಂಟಿಕೊಂಡಿತು. ಇವೆಲ್ಲದರ ಶಾಸ್ತ್ರೀಯ ಹೆಸರು ಮೋಡೆಮ್.

ನಾನು ಮೊದಲ ಡೇಟಾ ಕಾರ್ಡ್ ಕೊಂಡದ್ದು 2010ರಲ್ಲಿ, ಅದು ಸಿಡಿಎಂಎ ಬಗೆಯದು. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 3.1 ಮೆಗಾಬಿಟ್ ವೇಗ ಎಂದು ಅಚ್ಚಾಗಿತ್ತು. ‘ಎಲ್ಲಿ ಬೇಕಾದರೂ ನಡೆಯುತ್ತದೆ’ ಎಂದು ಮಾರಿದವರು ಬಾಯಿತುಂಬ ಹೇಳಿದರು. ಗಂಗಾವತಿ ಪೇಟೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಪೇಟೆ ದಾಟಿ ಹಳ್ಳಿಯ ಗಿರಣಿಯೊಂದಕ್ಕೆ ಹೋಗಿ ತೆರಿಗೆ ವಿವರ ಸಲ್ಲಿಸಲು ಕುಳಿತರೆ ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು. ಕಾರಣ ತಿಳಿದದ್ದು ತಡವಾಗಿ. ಆಗಿನ ಸಿಡಿಎಂಎ ಕಾರ್ಡುಗಳಲ್ಲಿ ವೇಗದ ಇವಿ-ಡಿಒ ಸೇವೆ ಇದ್ದದ್ದು ಆಯ್ದ ಊರುಗಳಲ್ಲಿ ಮಾತ್ರ. ಉಳಿದೆಡೆ ಅದೇ ಕಾರ್ಡ್ ಸದ್ದಿಲ್ಲದೆ ಹಳೆಯ ಜಾಲಕ್ಕೆ ಇಳಿಯುತ್ತಿತ್ತು, ಅಲ್ಲಿ ಗರಿಷ್ಠ ವೇಗವೇ ಸುಮಾರು 150 ಕಿಲೋಬಿಟ್, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಸಂಪರ್ಕ ಇದೆ ಎಂದು ಪರದೆ ತೋರಿಸುತ್ತಿತ್ತು, ಅದು ಸುಳ್ಳೂ ಆಗಿರಲಿಲ್ಲ. ಆದರೆ ಈ ವ್ಯತ್ಯಾಸವನ್ನು ಮಾರುವಾಗಲೇ ಹೇಳಬೇಕಿತ್ತು ಎಂಬ ಸಿಟ್ಟು ನನಗೆ ಇಂದಿಗೂ ಇದೆ. ಡೇಟಾ ಕಾರ್ಡಿನ ವಿಷಯದಲ್ಲಿ ‘ಎಲ್ಲಿ ಬೇಕಾದರೂ’ ಎಂದರೆ ‘ಆ ಕಂಪನಿಯ ಟವರ್ ಕೈಚಾಚುವಷ್ಟು ದೂರ’ ಎಂದೇ ಓದಿಕೊಳ್ಳಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬದುಕುವವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟ ನೀರು ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆಗೆ ಹೋಗಬೇಕು. ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಕೊನೆ ಭಾಗದ ರೈತರ ಗದ್ದೆ ಒಣಗುತ್ತದೆ. ಕಾಲುವೆ ಅವರ ಹೊಲದ ಬದಿಯಲ್ಲೇ ಇರುತ್ತದೆ, ನೀರು ಮಾತ್ರ ಇರುವುದಿಲ್ಲ. ಟವರಿನ ಸಾಮರ್ಥ್ಯವೂ ಹೀಗೆಯೇ ಅದರ ಕೆಳಗಿನವರೆಲ್ಲ ಹಂಚಿಕೊಳ್ಳುವ ವಸ್ತು. ಪೆಟ್ಟಿಗೆಯ ಮೇಲಿನ 3.1 ಮೆಗಾಬಿಟ್ ಎಂಬುದು ತೂಬು ಪೂರ್ತಿ ತೆರೆದಾಗಿನ ಲೆಕ್ಕ, ನಿಮ್ಮೊಬ್ಬರ ಪಾಲಲ್ಲ. ಸಂಜೆ ಏಳರ ನಂತರ ಊರೆಲ್ಲ ವಿಡಿಯೊ ನೋಡಲು ಕುಳಿತಾಗ ಎಲ್ಲರ ಪಾಲೂ ಇಳಿಯುತ್ತದೆ. ಟವರಿನಿಂದ ದೂರವಿದ್ದವರಿಗೆ ಪೆಟ್ಟು ಹೆಚ್ಚು, ಏಕೆಂದರೆ ಸಿಗ್ನಲ್ ದುರ್ಬಲವಾದಷ್ಟೂ ಅಷ್ಟೇ ಹೊತ್ತಿನಲ್ಲಿ ಸಾಗಿಸಬಹುದಾದ ಮಾಹಿತಿ ಕಡಿಮೆ.

ನೆಲದ ಗುಣವೂ ಇದರಲ್ಲಿ ಸೇರುತ್ತದೆ. ಸಿಂಧನೂರಿನ ಸಮತಟ್ಟಾದ ಎರೆಭೂಮಿಯಲ್ಲಿ ಅಲೆಗಳು ಅಡ್ಡಿಯಿಲ್ಲದೆ ಸಾಗುತ್ತವೆ. ಆನೆಗೊಂದಿ ಕಡೆಯ ಬಂಡೆಗುಡ್ಡಗಳ ಹಿಂದೆ ನಿಂತರೆ ಟವರ್ ಹತ್ತಿರವಿದ್ದರೂ ಸಿಗ್ನಲ್ ಸಿಗದೆ ಇರಬಹುದು, ಗ್ರಾನೈಟಿನ ಅಷ್ಟು ದೊಡ್ಡ ರಾಶಿಯನ್ನು ಈ ಅಲೆಗಳು ಭೇದಿಸಲಾರವು. ಕಡಿಮೆ ಆವರ್ತನದ ಅಲೆ ಹೆಚ್ಚು ದೂರ ಹೋಗುತ್ತದೆ, ಗೋಡೆಗಳನ್ನೂ ಹೆಚ್ಚು ಸಲೀಸಾಗಿ ದಾಟುತ್ತದೆ. ಸಿಡಿಎಂಎ ಸೇವೆ 800 ಮೆಗಾಹರ್ಟ್ಸ್ ಪಟ್ಟಿಯಲ್ಲಿತ್ತು, ಆಮೇಲೆ ಬಂದ 3ಜಿ ಮುಖ್ಯವಾಗಿ 2100ರಲ್ಲಿ. ಹೊಸ ಕಾರ್ಡಿಗೆ ಬದಲಾದ ನಂತರ ಒಳಮನೆಯಲ್ಲಿ ಸಿಗ್ನಲ್ ಕಡಿಮೆಯಾಯಿತು ಎಂದು ಕೆಲವರು ದೂರುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಗಿರಣಿಯ ತಗಡಿನ ಶೆಡ್ಡಂತೂ ಅಲೆಗಳ ಪಾಲಿಗೆ ಮುಚ್ಚಿದ ಡಬ್ಬಿ. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್. ಲ್ಯಾಪ್‌ಟಾಪ್ ಮೇಜಿನ ಮೇಲಿರಲಿ, ಕಾರ್ಡನ್ನು ಮಾತ್ರ ಕೇಬಲ್ ತುದಿಯಲ್ಲಿ ಕಿಟಕಿಯ ಸರಳಿಗೆ ಕಟ್ಟಬೇಕು. ಎಷ್ಟೋ ಸಲ ಎರಡು ಮೀಟರ್ ಸರಿಸಿದ್ದಷ್ಟೇ ಕೆಲಸ ಮಾಡಿದೆ. ಯುಎಸ್‌ಬಿ 2.0ಕ್ಕೆ ಕೇಬಲ್ 5 ಮೀಟರ್ ಮೀರಬಾರದು. ಇನ್ನೊಂದು ತೊಡಕು ವಿದ್ಯುತ್ತಿನದು. ಆ ಕಿಂಡಿ ಕೊಡುವುದು 500 ಮಿಲಿಆಂಪಿಯರ್. ದೂರದ ಟವರನ್ನು ಮುಟ್ಟಲು ಕಾರ್ಡ್ ಜೋರಾಗಿ ಕೂಗಬೇಕಾದಾಗ ಅದು ಸಾಲದೆ ಸಂಪರ್ಕ ಕಡಿಯುವುದುಂಟು. ಕೆಲವು ಕಾರ್ಡುಗಳೊಂದಿಗೆ ಎರಡು ತಲೆಯ ಕೇಬಲ್ ಕೊಡುತ್ತಿದ್ದುದು ಎರಡು ಕಿಂಡಿಗಳಿಂದ ವಿದ್ಯುತ್ ಎಳೆಯಲೆಂದೇ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಅರ್ಧ ಗಂಟೆ ಓಡಿದ ಕಾರ್ಡನ್ನು ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ, ಅದನ್ನು ಬಟ್ಟೆಯ ಮೇಲೆ, ಹಾಸಿಗೆಯ ಮೇಲೆ ಇಡಬೇಡಿ.

ಇಷ್ಟೆಲ್ಲ ಕೊರತೆಗಳ ನಡುವೆಯೂ ಅದರ ಮೇಲೆ ನನಗೆ ಇರುವ ಪ್ರೀತಿಗೆ ಒಂದು ಕಾರಣವಿದೆ. ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ ಕರೆಂಟ್ ಹೋದರೆ ಕಚೇರಿಯ ಬ್ರಾಡ್‌ಬ್ಯಾಂಡ್ ರೂಟರ್ ಸತ್ತಂತೆ ಮಲಗುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೆ ಡೇಟಾ ಕಾರ್ಡ್ ನಡೆಯುತ್ತಿತ್ತು, ಟವರಿಗೂ ಅದರದ್ದೇ ಬ್ಯಾಟರಿ ಇರುತ್ತದೆ. ಭತ್ತದ ಮೂಟೆಯ ಮೇಲೆ ಕುಳಿತು ರಾತ್ರಿ ಹನ್ನೊಂದೂವರೆಗೆ ವಿವರ ಸಲ್ಲಿಸಿ ದಂಡ ತಪ್ಪಿಸಿದ ದಿನಗಳು ನನಗೆ ನೆನಪಿವೆ.

ಬಳಕೆಯ ಲೆಕ್ಕದಲ್ಲಿ ಎರಡು ಪದಗಳನ್ನು ಬೆರೆಸಬಾರದು. ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 3.1 ಮೆಗಾಬಿಟ್ ಪೂರ್ತಿ ಸಿಕ್ಕಿದರೂ 100 ಎಂಬಿ ಕಡತ ಇಳಿಯಲು ನಾಲ್ಕು ನಿಮಿಷಕ್ಕಿಂತ ಹೆಚ್ಚು ಬೇಕು. ಫೋನಿಗಿಂತ ಲ್ಯಾಪ್‌ಟಾಪ್ ಹೆಚ್ಚು ಡೇಟಾ ತಿನ್ನುತ್ತದೆ ಎಂಬುದೂ ತಿಳಿದಿರಲಿ. ನಮಗೆ ಗೊತ್ತಾಗದಂತೆ ವಿಂಡೋಸ್ ತನ್ನ ಅಪ್‌ಡೇಟುಗಳನ್ನು ಇಳಿಸಿಕೊಳ್ಳುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ (ಅಳೆದು ಬಳಸುವ ಸಂಪರ್ಕ) ಎಂದು ಗುರುತಿಸಿದರೆ ಇದು ಬಹುಮಟ್ಟಿಗೆ ತಗ್ಗುತ್ತದೆ. ಇಂಥ ಅಪ್‌ಡೇಟುಗಳಿಂದಲೇ ನನ್ನ ಒಂದು ತಿಂಗಳ ಬಿಲ್ ಮೂರು ಪಟ್ಟಾಗಿತ್ತು.

ಈಗ ಫೋನಿನ ಹಾಟ್‌ಸ್ಪಾಟ್ ಇದೇ ಕೆಲಸ ಮಾಡುತ್ತದೆ. 2016ರಲ್ಲಿ ಜಿಯೊ ಬಂದು 4ಜಿ ಡೇಟಾ ಅಗ್ಗವಾದ ನಂತರ ಹೆಚ್ಚಿನವರು ಕಾರ್ಡನ್ನು ಮೇಜಿನ ಖಾನೆಗೆ ಸೇರಿಸಿದರು. ದಿನವಿಡೀ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ ಪ್ರತ್ಯೇಕ ಸಾಧನ ಇಂದಿಗೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಫೋನಿನ ಬ್ಯಾಟರಿ ಉಳಿಯುತ್ತದೆ, ಫೋನ್ ಎತ್ತಿಕೊಂಡು ಹೊರಗೆ ಹೋದರೂ ಕೆಲಸ ನಿಲ್ಲುವುದಿಲ್ಲ. ಸಂತೆಯಲ್ಲಿ ಅಥವಾ ಪರಿಚಿತರಿಂದ ಹಳೆಯದನ್ನು ಕೊಳ್ಳುವವರು ಮಾತ್ರ ಎಚ್ಚರವಹಿಸಬೇಕು. ಸಿಡಿಎಂಎ ಸೇವೆ ದೇಶದಲ್ಲಿ ಈಗ ಇಲ್ಲ, ಆ ಕಾರ್ಡುಗಳು ಯಾವ ಉಪಯೋಗಕ್ಕೂ ಬಾರವು. 3ಜಿ ಮಾತ್ರ ಬಲ್ಲ ಕಾರ್ಡನ್ನೂ ಬಿಡಿ. 4ಜಿ ಇದ್ದರೂ ಅದು ಒಂದೇ ಕಂಪನಿಯ ಸಿಮ್ಮಿಗೆ ಲಾಕ್ ಆಗಿದೆಯೇ ಎಂದು ನಿಮ್ಮ ಸಿಮ್ ಹಾಕಿ, ಅಂಗಡಿಯಲ್ಲೇ ಒಂದು ಪುಟ ತೆರೆದು ನೋಡಿ. ಸಿಕ್ಕಿಸಿದ ಕೂಡಲೇ ಕಂಪ್ಯೂಟರಿನಲ್ಲಿ ಸಿಡಿ ಡ್ರೈವ್ ಕಾಣಿಸಿಕೊಂಡರೆ ಗಾಬರಿ ಬೇಡ, ಬೇಕಾದ ತಂತ್ರಾಂಶವನ್ನು ಕಾರ್ಡ್ ತನ್ನೊಳಗೇ ಇಟ್ಟುಕೊಂಡು ಬಂದಿರುತ್ತದೆ.

ಆ ತಂತ್ರಾಂಶದಲ್ಲಿ ಎಸ್ಎಂಎಸ್ ಎಂಬ ವಿಭಾಗ ಇರುತ್ತದೆ, ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ಕಾರ್ಡಿನೊಳಗಿನ ಸಿಮ್ಮಿಗೂ ಒಂದು ಫೋನ್ ನಂಬರ್ ಇದೆ, ರೀಚಾರ್ಜ್ ಮುಗಿಯುವ ಸೂಚನೆ ಬರುವುದು ಅಲ್ಲಿಗೇ. ವಾರಕ್ಕೊಮ್ಮೆ ಅದನ್ನು ತೆರೆದು ನೋಡಿ.