ಕಾಡಂಚಿನ ಜನರ ಸಹನೆ: ನಷ್ಟದ ಲೆಕ್ಕಕ್ಕೆ ಸಿಗದ ಸಂಗತಿಗಳು

ಬೆಳೆ ತುಳಿದ ಆನೆಯನ್ನು, ಕರು ಹೊತ್ತೊಯ್ದ ಚಿರತೆಯನ್ನು ಜನ ಕೊಲ್ಲದೆ ಬಿಟ್ಟರೆ ಅದು ಸಹನೆಯೇ? ಕಾನೂನಿಗೆ ಹೆದರಿ ಸುಮ್ಮನಿದ್ದರೂ ಹೊರಗಿನವರಿಗೆ ಹಾಗೆಯೇ ಕಾಣುತ್ತದೆ. ಆದ್ದರಿಂದ ಮನೋಭಾವವನ್ನೂ ನಡವಳಿಕೆಯನ್ನೂ ಒಂದೇ ಎಂದು ತಿಳಿಯಬೇಡಿ. ಕಾಡುಪ್ರಾಣಿಗಳ ಬಗೆಗಿನ ಸಹನೆಯ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದೇ.

ನಷ್ಟವಾದರೆ ಸಹನೆ ಕುಗ್ಗುತ್ತದೆ, ಪರಿಹಾರ ಕೊಟ್ಟರೆ ಮರಳುತ್ತದೆ ಎಂದು ನಾವೆಲ್ಲ ಮೊದಲು ಅಂದುಕೊಳ್ಳುತ್ತೇವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ತೋಳಗಳ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ಕಂಡಿತು. ತೋಳದಿಂದ ಸಾಕುಪ್ರಾಣಿ ಕಳೆದುಕೊಂಡವರಲ್ಲಿ ಪರಿಹಾರ ಪಡೆದವರು, ಪಡೆಯದವರಿಗಿಂತ ಹೆಚ್ಚು ಸಹನೆ ತೋರಲಿಲ್ಲ. ದನ ಸಾಕುವವರೋ, ಕರಡಿ ಬೇಟೆಗಾರರೋ ಎಂಬ ಗುಂಪಿನ ಗುರುತೇ ಸ್ವಂತ ಅನುಭವಕ್ಕಿಂತ ಬಲವಾಗಿತ್ತು. ಹಾಗೆಂದು ಪರಿಹಾರ ಬೇಡವೆಂದಲ್ಲ. ಅದು ನ್ಯಾಯದ ಪ್ರಶ್ನೆ. ಅದರಿಂದ ಸಹನೆಯನ್ನು ಕೊಳ್ಳಲಾಗದು, ಅಷ್ಟೇ.

ಯಾಕೆಂದರೆ ಹಣಕ್ಕೆ ನಿಲುಕದ ನಷ್ಟಗಳಿವೆ. ರಾತ್ರಿಯಿಡೀ ಹೊಲ ಕಾದು ಕೆಟ್ಟ ನಿದ್ದೆ, ಕತ್ತಲಾದರೆ ಮಕ್ಕಳನ್ನು ಹೊರಗೆ ಕಳಿಸಲು ಹೆದರಿಕೆ, ಅರ್ಜಿ ಹಿಡಿದು ಕಚೇರಿಗೆ ಅಲೆದ ದಿನಗಳು. ಇವು ಯಾವ ಪಂಚನಾಮೆಯಲ್ಲೂ ಬರುವುದಿಲ್ಲ. 2016ರಲ್ಲಿ ಸಂಶೋಧಕಿ ಕ್ಯಾನ್‌ಸ್ಕಿ ಮತ್ತು ಸಂಗಡಿಗರು ಮಂಡಿಸಿದ ವನ್ಯಜೀವಿ ಸಹನೆಯ ಮಾದರಿ ಇಂಥ ಕಾಣದ ನಷ್ಟವನ್ನೂ ಕಾಣದ ಲಾಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕಾಣದ ಲಾಭ ಎಂದರೇನು? ಕೀನ್ಯಾದ ಅಂಬೋಸೆಲಿ ರಾಷ್ಟ್ರೀಯ ಉದ್ಯಾನದ ಸುತ್ತ 2007ರಲ್ಲಿ ಆರಂಭವಾದ ‘ಲಯನ್ ಗಾರ್ಡಿಯನ್ಸ್’ ಕಾರ್ಯಕ್ರಮವನ್ನು ನೋಡಿ. ದನ ಸಾಕಿ ಬದುಕುವ ಅಲ್ಲಿನ ಮಾಸಾಯಿ ಸಮುದಾಯದ ಯುವಕರಿಗೆ ಸಿಂಹ ಕೊಲ್ಲುವುದು ಶೌರ್ಯದ ಗುರುತಾಗಿತ್ತು. ಅದೇ ಯುವಕರಿಗೆ ಸಿಂಹಗಳ ಜಾಡು ಹಿಡಿಯುವ ಕೆಲಸ ಸಿಕ್ಕಿತು. ಸಿಂಹ ಎಲ್ಲಿದೆ ಎಂದು ದನಗಾಹಿಗಳನ್ನು ಎಚ್ಚರಿಸುವುದು, ತಪ್ಪಿಸಿಕೊಂಡ ದನ ಹುಡುಕಿ ತರುವುದು, ದೊಡ್ಡಿಯ ಬೇಲಿ ಗಟ್ಟಿ ಮಾಡುವುದು ಅವರ ಪಾಲಿಗೆ ಬಂತು. ಒಂದೊಂದು ಸಿಂಹಕ್ಕೂ ಮಾಸಾಯಿ ಹೆಸರಿಟ್ಟರು. ಸಂಬಳ ಮುಖ್ಯವೇ, ಆದರೆ ಹಳೆಯ ಮಾನ ಹೊಸ ಕೆಲಸದಲ್ಲಿ ಉಳಿದದ್ದು ಅದಕ್ಕಿಂತ ದೊಡ್ಡದು ಎಂದು ನನಗನಿಸುತ್ತದೆ.

ಇನ್ನೊಂದು ದಾರಿ ಅಧಿಕಾರ ಹಂಚಿಕೆ. ನಮೀಬಿಯಾ 1996ರ ಕಾನೂನು ತಿದ್ದುಪಡಿಯಲ್ಲಿ ಸಮುದಾಯಗಳಿಗೇ ವನ್ಯಜೀವಿ ನಿರ್ವಹಣೆಯ, ಅದರಿಂದ ಬರುವ ಆದಾಯದ ಹಕ್ಕು ಕೊಟ್ಟಿತು. ಸರ್ಕಾರದ ಪ್ರಾಣಿ ಎಂಬ ಮಾತು ‘ನಮ್ಮದು’ ಎಂದಾಗಲು ಇಂಥ ಹಕ್ಕು ಬೇಕು. ಆದರೂ ಒಂದು ತೊಡಕಿದೆ: ಆದಾಯ ಊರಿಗೆಲ್ಲ ಹಂಚಿಹೋಗುತ್ತದೆ, ಆನೆ ನುಗ್ಗುವುದು ಕಾಡಿಗೆ ತಾಗಿದ ಒಬ್ಬರ ಹೊಲಕ್ಕೆ. ಊರಿನ ಸರಾಸರಿ ಸಹನೆಯನ್ನು ಅಳೆಯುವ ಸಮೀಕ್ಷೆಯಲ್ಲಿ ಆ ಒಬ್ಬರ ದನಿ ಕೇಳಿಸುವುದಿಲ್ಲ.